ಒಂದೇ ಹಾಳೆಯ ಎರಡು ಬದಿ

ದಿಲ್ಲಿಯ ಮುಖರ್ಜಿ ನಗರದಲ್ಲಿ ಬತ್ರಾ ಟಾಕೀಸಿನ ಆಚೀಚೆ ನಿಂತು ತ್ರಿಲೋಕಿನಾಥ ಓಝಾ ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಕ್ಕಡಿ ಸರ್ ಎಲ್ಲಿರ್ತಾರೆ ಅಂತ ಕೇಳಿ ನೋಡಿ. ಜ್ಯೂಸ್ ಅಂಗಡಿಯವನಿಂದ ಹಿಡಿದು ಮೆಸ್ಸಿನ ಡಬ್ಬಿ ಹೊರುವವನವರೆಗೆ ಎಲ್ಲರೂ ಒಂದೇ ಕಡೆಗೆ ಕೈ ತೋರಿಸುತ್ತಾರೆ. ಧ್ರುವಪಥ ಅಕಾಡೆಮಿ, ಎರಡನೇ ಮಹಡಿ, ಪ್ರಚಲಿತ ವಿದ್ಯಮಾನಗಳ ತರಗತಿ.

ಅಲ್ಲಿ ಓಝಾ ಏನು ಮಾಡುತ್ತಾನೆಂದರೆ, ಬೆಳಗಿನ ಸುದ್ದಿ ಯಾವುದೇ ಇರಲಿ, ಅಣೆಕಟ್ಟಾಗಲಿ, ಗಡಿ ತಂಟೆಯಾಗಲಿ, ಮದುವೆಯ ವಯಸ್ಸಿನ ಕಾನೂನಾಗಲಿ, ಬೋರ್ಡಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಾನೆ. ಎಡಗಡೆ ಪರ, ಬಲಗಡೆ ವಿರೋಧ. ಕೆಳಗೊಂದು ಚೌಕ, ಅದರೊಳಗೆ ‘ಮುಂದಿನ ದಾರಿ’. ಐಎಎಸ್ ಪರೀಕ್ಷೆಗೆ ಕೂತ ಹುಡುಗರಿಗೆ ಈ ಚೌಕವೇ ಅನ್ನ. ಎಡಕ್ಕೂ ವಾಲಬಾರದು, ಬಲಕ್ಕೂ ವಾಲಬಾರದು, ಯಾರ ಮನಸ್ಸೂ ನೋಯಬಾರದು, ಕೊನೆಗೆ ಎಲ್ಲರೂ ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎಂಬಲ್ಲಿಗೆ ಮಂಗಳ ಹಾಡಬೇಕು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇಷ್ಟು ಅಚ್ಚುಕಟ್ಟಾಗಿ ಕಲಿಸುವವರು ಇಡೀ ಉತ್ತರ ದಿಲ್ಲಿಯಲ್ಲಿ ಇನ್ನೊಬ್ಬರಿಲ್ಲ.

ಹುಡುಗರು ಚಹಾದಂಗಡಿಯಲ್ಲಿ ಅವನನ್ನು ಅಣಕಿಸುತ್ತಾರೆ. ಒಬ್ಬ ಗಂಟಲು ಸರಿಮಾಡಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿ ಶುರುಮಾಡುತ್ತಾನೆ. “ನೋಡಿ, ಒಂದು ಕಡೆ ಚಹಾ ಕುಡಿದ್ರೆ ಹೊಟ್ಟೆ ಉರಿ. ಇನ್ನೊಂದು ಕಡೆ ಅಸ್ಸಾಮಿನ ತೋಟದ ಕೂಲಿಯವರ ಹೊಟ್ಟೆಪಾಡು. ಆದ್ದರಿಂದ ಸಮತೋಲನದ ದೃಷ್ಟಿಯಿಂದ...”

“ಅರ್ಧ ಲೋಟ!” ಅಂತ ಉಳಿದವರೆಲ್ಲ ಕೂಗುತ್ತಾರೆ.

ಓಝಾ ಅದನ್ನು ಕೇಳಿಸಿಕೊಂಡಿದ್ದಾನೆ. ಕೋಪ ಬಂದಿಲ್ಲ. ಅವನಿಗೆ ಕೋಪ ಬಂದು ಬಹಳ ವರ್ಷಗಳಾದವು.

ಅವನಲ್ಲೊಂದು ವಿಚಿತ್ರವಿದೆ. ರಾಜಕೀಯ, ಅರ್ಥವ್ಯವಸ್ಥೆ, ವಿದೇಶ ಎಲ್ಲ ಪಾಠ ಮಾಡುವ ಮನುಷ್ಯ ಪರಿಸರದ ಪಾಠ ಮಾತ್ರ ಮಾಡುವುದಿಲ್ಲ. ಕಾಡು, ಹುಲಿ, ಹಿಮನದಿ, ವಿಜ್ಞಾನ, ಹಳೇ ದೇವಸ್ಥಾನ, ಕುಣಿತ ಇವಕ್ಕೆಲ್ಲ ಬೇರೆಯವರು ಬರಬೇಕು. ಯಾಕೆ ಸರ್ ಅಂದರೆ, “ಅದು ನನ್ನ ಪಾಲಿನದ್ದಲ್ಲ” ಅನ್ನುತ್ತಾನೆ. ಹುಲಿ ಅಂದರೆ ಇವರಿಗೆ ಭಯ ಅಂತ ಹುಡುಗರು ಒಂದು ಕತೆ ಕಟ್ಟಿದ್ದಾರೆ. ನಿಜ ಸಂಗತಿ ಹುಲಿಗಿಂತ ದೊಡ್ಡದು.

ಓಝಾ ಬಲಿಯಾ ಜಿಲ್ಲೆಯವನು. ಗಂಗೆಯ ಆ ದಂಡೆಯ ಜನ ಮಾತಿಗೆ ಮುಂಚೆ ತೋಳು ಮಡಚುವವರು. ಇವನೂ ಹಾಗೇ ಇದ್ದ ಅಂದರೆ ಈಗ ಯಾರೂ ನಂಬುವುದಿಲ್ಲ. ಒಂದು ಚೀಲ ಹುರಿಗಡಲೆಯ ಸತ್ತು ಹಿಟ್ಟು, ಒಂದು ಕಬ್ಬಿಣದ ಟ್ರಂಕು ಹೊತ್ತು ನೆಹರೂ ವಿಹಾರದ ಕೋಣೆಗೆ ಬಂದಿಳಿದಾಗ ಅವನ ಬಾಯಿಗೆ ಬಾಗಿಲೇ ಇರಲಿಲ್ಲ. ಕೋಣೆಯ ಜೊತೆಗಾರ ಗಾಜಿಪುರದ ಮುಜ್ತಬಾ ಮೊದಲ ದಿನವೇ ಅಂದಿದ್ದ, “ಪಂಡಿತ, ನೀನು ಕಲೆಕ್ಟರ್ ಆಗೋ ಆಸಾಮಿಯಲ್ಲ. ಕಲೆಕ್ಟರ್ ಆಫೀಸಿನ ಮುಂದೆ ಧರಣಿ ಕೂರೋ ಆಸಾಮಿ.”

ಮುಜ್ತಬಾ ಎರಡು ಸಲ ಪರೀಕ್ಷೆ ಬರೆದು, ಇದು ನಮ್ಮಪ್ಪನ ಹೊಲವಲ್ಲ ಅಂತ ಕೈ ತೊಳೆದುಕೊಂಡು, ಅದೇ ಬೀದಿಯಲ್ಲಿ ಫೋಟೋಸ್ಟಾಟ್ ಅಂಗಡಿ ಹಾಕಿದ. ಆಮೇಲೂ ಕೋಣೆ ಬಿಡಲಿಲ್ಲ, ಗೆಳೆತನವನ್ನೂ ಬಿಡಲಿಲ್ಲ.

ಬೀನಾ ನೇಗಿ ಸಿಕ್ಕಿದ್ದು ಅಣಕು ಪರೀಕ್ಷೆಯ ತಂಡದಲ್ಲಿ. ಗಢವಾಲದ ಬೆಟ್ಟಸೀಮೆಯ ಪೌಡಿಯವಳು. ಸಣ್ಣ ಕಣ್ಣು, ದೊಡ್ಡ ನಗು, ಜುಲೈ ತಿಂಗಳ ಸೆಕೆಯಲ್ಲೂ ಬಿಸಿನೀರೇ ಬೇಕು. ಇಂಗ್ಲಿಷ್ ಪೇಪರನ್ನು ಹಿಂದಿ ಮಾಧ್ಯಮದವರು ಓದುವ ಕಷ್ಟ ನಿಮಗೆ ಗೊತ್ತಿರಬಹುದು. ಪಕ್ಕದಲ್ಲಿ ನಿಘಂಟು, ಒಂದು ಸಂಪಾದಕೀಯಕ್ಕೆ ಒಂದು ಬೆಳಗು ಬೇಕು. ಬೀನಾ ಒಂದು ದಿನ ಅಂದಳು, “ಓಝಾ, ಇಡೀ ಪ್ರಪಂಚ ಇಬ್ಬರೂ ಓದ್ತಾ ಕೂತ್ರೆ ಇಬ್ಬರೂ ಫೇಲು. ಪಾಲು ಮಾಡ್ಕೊಳ್ಳೋಣ.”

ಪಾಲು ಮಾಡಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಇಬ್ಬರೋ ಮೂವರೋ ಸೇರಿ ಪೇಪರಿನ ವಿಷಯ ಹಂಚಿಕೊಂಡು, ಸಂಜೆ ಒಬ್ಬರಿಗೊಬ್ಬರು ಒಪ್ಪಿಸುತ್ತಾರೆ. ಹಾಗೆ ಸರ್ಕಾರ, ಹಣಕಾಸು, ಹೊರದೇಶ ಓಝಾನ ಪಾಲಿಗೆ ಬಂದವು. ಕಾಡು, ನದಿ, ವಿಜ್ಞಾನ, ಕಲೆ ಬೀನಾಳ ಪಾಲಿಗೆ. ಪೇಪರು ಒಂದೇ. ಬೆಳಿಗ್ಗೆ ಗುಪ್ತಾನ ಚಹಾದಂಗಡಿಯ ಬೆಂಚಿನ ಮೇಲೆ ಎದುರುಬದುರು ಕೂತು ಹಾಳೆಗಳನ್ನು ಬಿಡಿಸಿಕೊಳ್ಳುತ್ತಿದ್ದರು. ಆದರೆ ಪೇಪರು ಅಚ್ಚು ಹಾಕುವವರಿಗೆ ಇವರ ಪಾಲಿನ ಲೆಕ್ಕ ಗೊತ್ತೇ? ಎಷ್ಟೋ ಸಲ ಒಂದೇ ಹಾಳೆಯ ಈ ಬದಿ ಅವಳದು, ಆ ಬದಿ ಇವನದು ಆಗುತ್ತಿತ್ತು. ಆಗ ಬೀನಾ ಹಾಳೆಯನ್ನು ಇಬ್ಬರ ನಡುವೆ ಎತ್ತಿ ಹಿಡಿಯುತ್ತಿದ್ದಳು. ಅತ್ತ ಅವಳು ಹಿಮನದಿ ಓದುತ್ತಿದ್ದಳು, ಇತ್ತ ಇವನು ಬಡ್ಡಿದರ ಓದುತ್ತಿದ್ದ. ಇವನಿಗೆ ಕಾಣುತ್ತಿದ್ದದ್ದು ಹಾಳೆಯ ಅಂಚಿನಲ್ಲಿ ಅವಳ ಬೆರಳುಗಳು ಮಾತ್ರ.

“ಮುಗೀತಾ?” ಹಾಳೆಯ ಆಚೆಯಿಂದ ದನಿ ಬರುತ್ತಿತ್ತು.

“ಇನ್ನೊಂದು ಪ್ಯಾರಾ.”

“ಬಡ್ಡಿದರ ಇಷ್ಟೊತ್ತು ಓದೋರನ್ನ ನಾನೆಲ್ಲೂ ನೋಡಿಲ್ಲಪ್ಪ. ಬ್ಯಾಂಕ್ ಇಡ್ತೀಯಾ?”

ಓಝಾ ಯಾವಾಗಲೋ ಓದಿ ಮುಗಿಸಿರುತ್ತಿದ್ದ. ಆ ಬೆರಳುಗಳು ಇನ್ನಷ್ಟು ಹೊತ್ತು ಅಲ್ಲೇ ಇರಲಿ ಅಂತ ಸುಳ್ಳು ಹೇಳುತ್ತಿದ್ದ. ಸಂಜೆ ಊರ ಕೊಳಚೆ ಹರಿಯುವ ನಾಲೆಯ ದಂಡೆಯ ಮೇಲೆ ನೆಹರೂ ವಿಹಾರದವರೆಗೆ ನಡೆಯುತ್ತ ಅವನು ತನ್ನ ಅರ್ಧ ಪ್ರಪಂಚ ಒಪ್ಪಿಸುತ್ತಿದ್ದ, ಅವಳು ತನ್ನ ಅರ್ಧ. ನಾಲೆಯ ಗಬ್ಬು ವಾಸನೆ ಇಬ್ಬರಿಗೂ ಮೂಗಿಗೆ ಬಡಿಯುತ್ತಿರಲಿಲ್ಲ. ಹಿಮಾಲಯದ ಯಾವ ಹೂವು ಯಾಕೆ ಬೇಗ ಅರಳುತ್ತಿದೆ ಅಂತ ಅವಳು ಹೇಳುವಾಗ ಓಝಾನಿಗೆ ತಾನೇ ಆ ಬೆಟ್ಟ ಹತ್ತಿ ಬಂದ ಹಾಗೆ ಅನ್ನಿಸುತ್ತಿತ್ತು.

ಪ್ರೀತಿ ಅಂತ ಇಬ್ಬರೂ ಬಾಯಿಬಿಟ್ಟು ಅಂದವರಲ್ಲ. ನಮ್ಮಲ್ಲಿ ಎಲ್ಲವೂ ‘ಆಯ್ಕೆಯಾದ ಮೇಲೆ’. ಹಲ್ಲು ಕೀಳಿಸುವುದು ಆಯ್ಕೆಯಾದ ಮೇಲೆ, ಹೊಸ ಅಂಗಿ ಆಯ್ಕೆಯಾದ ಮೇಲೆ, ಮದುವೆಯಂತೂ ಆಯ್ಕೆಯಾದ ಮೇಲೆಯೇ. ಇವನು ಬ್ರಾಹ್ಮಣರ ಓಝಾ, ಅವಳು ರಜಪೂತರ ನೇಗಿ. ಬಲಿಯಾದಲ್ಲೂ ಪೌಡಿಯಲ್ಲೂ ಮನೆಯವರು ಹುಬ್ಬೇರಿಸುವವರೇ. ಆದರೂ ಇಬ್ಬರಲ್ಲೊಬ್ಬರು ಐಎಎಸ್ ಆಗಿಬಿಟ್ಟರೆ ಯಾವ ಹುಬ್ಬೂ ಮೇಲೇಳುವುದಿಲ್ಲ ಎಂಬುದು ಇಬ್ಬರ ಲೆಕ್ಕ.

ಮೂರನೇ ಸಲಕ್ಕೆ ಓಝಾನಿಗೆ ಸಂದರ್ಶನದ ಕರೆ ಬಂತು. ಬೀನಾ ಆ ವರ್ಷ ಮುಖ್ಯ ಪರೀಕ್ಷೆಯಲ್ಲೇ ನಿಂತಳು. ಅವಳಿಗೆ ಅಳು ಬಂದಿರಬೇಕು, ತೋರಿಸಿಕೊಳ್ಳಲಿಲ್ಲ. “ನನ್ನದು ಬಿಡು, ನಿನ್ನ ನಾಲಿಗೆ ರಿಪೇರಿ ಮಾಡೋಣ” ಅಂತ ಕೂತಳು. ಯಾಕೆಂದರೆ ಮೊದಲ ಅಣಕು ಸಂದರ್ಶನದಲ್ಲಿ ಓಝಾ ಮೇಜು ಗುದ್ದಿ ಮಾತಾಡಿ, “ಇವರು ಆಡಳಿತಕ್ಕಲ್ಲ, ಚುನಾವಣೆಗೆ ಲಾಯಕ್ಕು” ಅನ್ನಿಸಿಕೊಂಡು ಬಂದಿದ್ದ.

ಇಡೀ ಏಪ್ರಿಲ್ ಬೀನಾ ಅವನಿಗೆ ಪಾಠ ಹೇಳಿದಳು. ತಾನೇ ಸಂದರ್ಶನದ ಬೋರ್ಡಿನ ಅಧ್ಯಕ್ಷೆಯಾಗಿ, ಮುಜ್ತಬಾನ ಅಂಗಡಿಯ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದಳು. “ಮಿಸ್ಟರ್ ಓಝಾ, ದೊಡ್ಡ ಅಣೆಕಟ್ಟು ಬೇಕೋ ಬೇಡವೋ?”

“ಬೇಡ! ಊರಿಗೂರೇ ಮುಳುಗಿಸಿ ಯಾರಿಗ್ರೀ ಬೇಕು...”

“ಫೇಲ್. ಎರಡೂ ಕಡೆ ಹೇಳು ಪಂಡಿತ. ಮೊದಲು ಒಂದು ಕಡೆ. ಆಮೇಲೆ ಇನ್ನೊಂದು ಕಡೆ. ನಿನ್ನ ಮನಸ್ಸಲ್ಲಿರೋದನ್ನ ಯಾರೂ ಕೇಳಿಲ್ಲ.”

ಹೀಗೆ ಅಂದು ಅಂದು ಅವನ ಬಾಯಿಗೆ ಅವಳೇ ಬಾಗಿಲಿಟ್ಟಳು. ಮೇ ಬರುವ ಹೊತ್ತಿಗೆ ಓಝಾ ಎಷ್ಟು ಪಳಗಿದ್ದನೆಂದರೆ, ಮೆಸ್ಸಿನವನು ಬೇಳೆ ಹಾಕಲಾ ಪಲ್ಯ ಹಾಕಲಾ ಅಂದರೂ ಒಂದು ಕ್ಷಣ ಯೋಚಿಸುತ್ತಿದ್ದ. ಮುಜ್ತಬಾ ತಲೆ ಚಚ್ಚಿಕೊಂಡ. “ಹುಡುಗೀ, ಬಲಿಯಾದ ಹೋರಿ ಕೊಟ್ಟಿದ್ದೆ ನಿನ್ನ ಕೈಗೆ. ಗಡಿಯಾರದ ಲೋಲಕ ಮಾಡಿ ಕೊಟ್ಟೆಯಲ್ಲ.”

ಸಂದರ್ಶನಕ್ಕೆ ಇನ್ನೇನು ಒಂದು ವಾರ ಇದ್ದಾಗ ಒಂದು ಬೆಳಿಗ್ಗೆ ಬೀನಾ ಗುಪ್ತಾನ ಅಂಗಡಿಗೆ ಬರಿಗೈಯಲ್ಲಿ ಬಂದಳು. ಪೇಪರು ತರುವ ಸರದಿ ಅವಳದಾಗಿತ್ತು.

“ಪೇಪರೆಲ್ಲಿ?” ಅಂದ ಓಝಾ.

“ಇವತ್ತು ಬೇಡ. ನನ್ನದೊಂದು ಪ್ರಶ್ನೆ ಇದೆ.” ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. “ನಮ್ಮ ಮಹಿಪಾಲಣ್ಣ ಊರಿಂದ ಬಂದಿದ್ದಾನೆ, ನನಗೊಂದು ಗಂಡು ನೋಡಿದ್ದಾರಂತೆ. ಕೋಟದ್ವಾರದ ಹುಡುಗ, ಅರಣ್ಯ ಇಲಾಖೆಯಲ್ಲಿ ರೇಂಜರ್. ಮನೆಯಲ್ಲಿ ಎಲ್ಲರೂ ಒಪ್ಪಿಯಾಗಿದೆ. ಸಂಜೆ ಬಸ್ಸಿಗೆ ನನ್ನನ್ನ ಕರ್ಕೊಂಡು ಹೋಗ್ತಾನಂತೆ.”

“ಓ.”

“ಓ ಅಂದ್ರೆ ಏನು? ಹೋಗಲಾ ಬೇಡವಾ? ನೀನು ಹೇಳು.”

ಬೇಡ ಅನ್ನುವ ಮಾತು ಓಝಾನ ಎದೆಯಲ್ಲಿ ಎದ್ದು ನಿಂತಿತ್ತು. ಅದರಲ್ಲಿ ನನಗೆ ಸಂಶಯವೇ ಇಲ್ಲ, ಅವನಿಗೂ ಇಲ್ಲ. ಆದರೆ ಎದೆಯಿಂದ ಬಾಯಿಗೆ ಬರುವ ದಾರಿಯಲ್ಲಿ ಒಂದು ತಿಂಗಳ ಅಭ್ಯಾಸ ಕೂತಿತ್ತು. ಪ್ರಶ್ನೆ ಅಂತ ಕಿವಿಗೆ ಬಿದ್ದದ್ದೇ ತಡ, ಬೆನ್ನು ನೇರವಾಯಿತು, ಕೈಗಳು ತೊಡೆಯ ಮೇಲೆ ಬಂದವು, ಮುಖದ ಮೇಲೊಂದು ತಿಳಿನಗೆ ಬಂತು.

“ನೋಡು ಬೀನಾ, ಇದಕ್ಕೆ ಎರಡು ಮಗ್ಗುಲಿದೆ. ಒಂದು ಕಡೆ ನಿನ್ನ ಸ್ವಂತ ಗುರಿ, ಇಷ್ಟು ವರ್ಷದ ಓದು. ಇನ್ನೊಂದು ಕಡೆ ಮನೆಯವರ ಕಾಳಜಿ, ಭದ್ರತೆ. ಹುಡುಗ ಸರ್ಕಾರಿ ಕೆಲಸದಲ್ಲಿದ್ದಾನೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಹಾಗಂತ ಆತುರದ ತೀರ್ಮಾನವೂ...”

ಬೀನಾ ಮೊದಲಿಗೆ ನಕ್ಕಳು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಅವನು ಭದ್ರತೆಯ ಮಾತು ತೆಗೆಯುವ ಹೊತ್ತಿಗೆ ಅವಳ ನಗು ಆರಿತ್ತು.

“ಮುಂದಿನ ದಾರಿ?” ಅಂತ ಕೇಳಿದಳು, ಸ್ಟೂಲಿನ ಮೇಲಿನ ಅಧ್ಯಕ್ಷೆಯ ದನಿಯಲ್ಲೇ.

“ಸಂಬಂಧಪಟ್ಟ ಎಲ್ಲರೂ ಕೂತು, ಸಮಾಧಾನವಾಗಿ ಮಾತಾಡಿ...”

“ಸಂಬಂಧಪಟ್ಟವರು ಅಂದ್ರೆ ಯಾರ್ಯಾರು, ಪಂಡಿತ್ರೇ?”

“ನಿಮ್ಮ ತಂದೆ ತಾಯಿ. ಅಣ್ಣ. ಆ ಹುಡುಗ. ನೀನು.”

ಬೀನಾ ಕಾದಳು. ಇನ್ನೊಂದು ಹೆಸರು ಬರುತ್ತದೇನೋ ಅಂತ ಅವನ ಮುಖವನ್ನೇ ನೋಡುತ್ತ ಕಾದಳು. ಗುಪ್ತಾ ಹಾಲು ಉಕ್ಕಿಸಿ, ಇಳಿಸಿ, ಮತ್ತೆ ಇಟ್ಟ. ಓಝಾ ತನ್ನನ್ನು ಆ ಪಟ್ಟಿಗೆ ಸೇರಿಸಿಕೊಳ್ಳಲೇ ಇಲ್ಲ.

“ಚೆನ್ನಾಗಿದೆ ಉತ್ತರ,” ಅಂದಳು ಬೀನಾ, ಲೋಟ ಕೆಳಗಿಟ್ಟು. “ಬೋರ್ಡಿನವರಿಗೆ ಇಷ್ಟ ಆಗತ್ತೆ.”

ಎದ್ದು ಹೋದಳು. ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ, ಆ ಕ್ಷಣದಲ್ಲಿ ಈ ಮಹಾಶಯನಿಗೆ ಒಂಚೂರು ಹೆಮ್ಮೆಯೇ ಆಯಿತು. ತಡವರಿಸದೆ ಹೇಳಿದೆ, ಒಂದು ಕಡೆಗೂ ವಾಲಲಿಲ್ಲ, ಅವಳೂ ಒಪ್ಪಿದಳು ಅಂದುಕೊಂಡ. ಅವಳ ಲೋಟದಲ್ಲಿ ಉಳಿದ ಚಹಾ ನೋಡಿದಾಗ ಏನೋ ಕಸಿವಿಸಿಯಾಯಿತು, ಅಷ್ಟೇ. ಮಧ್ಯಾಹ್ನ ಇನ್ನೊಂದು ಅಣಕು ಸಂದರ್ಶನವಿತ್ತು. ಟೈ ಕಟ್ಟಿಕೊಂಡು ಹೋದ.

ಸಂಜೆ ಅಂಗಡಿಗೆ ಬಂದು ಮುಜ್ತಬಾನಿಗೆ ಹೇಳಿದ. ಮುಜ್ತಬಾ ಮೆಷಿನ್ನಿನಿಂದ ಕಾಗದ ತೆಗೆಯುತ್ತಿದ್ದವನು ಹಾಗೇ ನಿಂತ.

“ಏನಂದೆ ಅವಳಿಗೆ?”

“ಎರಡೂ ಕಡೆ ಇದೆ ಅಂದೆ. ಇದೆಯಲ್ವಾ?”

“ಬೆಪ್ಪುತಕ್ಕಡಿ! ಅವಳು ನಿನ್ನ ಹತ್ರ ಪ್ರಬಂಧ ಕೇಳಿದ್ಲಾ? ನಡಿ, ಸ್ಕೂಟರ್ ತೆಗೀತೀನಿ. ಕಾಶ್ಮೀರಿ ಗೇಟಿಗೆ ಎಷ್ಟು ದೂರ, ಪೌಡಿ ಬಸ್ಸು ಇನ್ನೂ ಅಲ್ಲೇ ಇರತ್ತೆ. ಹೋಗಿ ಹೋಗಬೇಡ ಅನ್ನು, ಸಾಕು.”

ಓಝಾ ಸ್ಕೂಟರಿನವರೆಗೂ ಬಂದ. ಹಿಂದಿನ ಸೀಟಿನ ಮೇಲೆ ಕೈಯನ್ನೂ ಇಟ್ಟ. “ಅವಳಣ್ಣ ಇರ್ತಾನೆ. ನಾನು ಯಾವ ಹಕ್ಕಿನಿಂದ... ಆಯ್ಕೆಯಾಗಿದ್ರೆ ಬೇರೆ ಮಾತು. ಇನ್ನು ಒಂದೇ ವಾರ. ಆಯ್ಕೆಯಾದ ಮೇಲೆ ಪೌಡಿಗೇ ಹೋಗಿ ಕೇಳಿದ್ರೆ ಮರ್ಯಾದೆಯಿರತ್ತೆ. ಇನ್ನೊಂದು ಕಡೆ ಅಷ್ಟರಲ್ಲಿ...”

“ಹತ್ತೋ!”

“ಒಂದ್ನಿಮಿಷ ಯೋಚಿಸೋಣ.”

ಅವನು ಮೀನಮೇಷ ಎಣಿಸುತ್ತಲೇ ಇದ್ದ. ಬೀದಿಯ ದೀಪಗಳು ಹತ್ತಿದವು. ಮುಜ್ತಬಾ ಬೈದು ಬೈದು ಸಾಕಾಗಿ ಸ್ಕೂಟರಿನ ಕೀಲಿಯನ್ನು ಗಲ್ಲಾಪೆಟ್ಟಿಗೆಗೆ ಎಸೆದ.

ವಾರ ಕಳೆದು ಸಂದರ್ಶನವಾಯಿತು. ಬಿಳಿಗೂದಲಿನ ಸದಸ್ಯರೊಬ್ಬರು ಅಣೆಕಟ್ಟಿನ ಪ್ರಶ್ನೆಯನ್ನೇ ಕೇಳಿದರು. ಓಝಾ ನೀರು ಕುಡಿದಷ್ಟು ಸುಲಭವಾಗಿ ಎರಡೂ ಕಡೆ ಹೇಳಿದ. ಅವರು ತಲೆದೂಗಿದರು. “ಸರಿ ಮಿಸ್ಟರ್ ಓಝಾ. ಈಗ ಕಡತ ನಿಮ್ಮ ಮೇಜಿನ ಮೇಲಿದೆ. ನೀವೇ ಜಿಲ್ಲಾಧಿಕಾರಿ. ಊರು ಖಾಲಿ ಮಾಡಿಸೋ ಆದೇಶಕ್ಕೆ ಸಹಿ ಹಾಕ್ತೀರೋ ಇಲ್ಲವೋ?”

“ಸರ್, ಒಂದು ಕಡೆ...”

“ಎರಡೂ ಕಡೆ ಆಗಲೇ ಕೇಳಿದ್ದೀನಲ್ಲ. ಸಹಿ?”

“ಒಂದು ಸಮಿತಿ ರಚಿಸ್ತೀನಿ, ಸರ್.”

ಅವರು ನಕ್ಕರು. ಕೆಟ್ಟ ನಗುವಲ್ಲ, ಮರುಕದ ನಗು. ಕೊನೆಯ ಪಟ್ಟಿಯಲ್ಲಿ ಓಝಾನ ಹೆಸರಿರಲಿಲ್ಲ. ಅದೇ ಬೇಸಿಗೆಯಲ್ಲಿ ಪೌಡಿಯಿಂದ ಬಂದ ಹುಡುಗನೊಬ್ಬ, ಬೀನಾ ದೀದಿಯ ಮದುವೆಯೂಟ ಭರ್ಜರಿಯಾಗಿತ್ತು ಅಂತ ಮುಜ್ತಬಾನ ಅಂಗಡಿಯಲ್ಲಿ ಹೇಳಿ ಹೋದ.

ಇನ್ನೊಂದೇ ಸಲ ಬರೆಯಲು ಅವಕಾಶವಿತ್ತು. ಓಝಾ ಹುಚ್ಚು ಹಿಡಿದವನ ಹಾಗೆ ಓದಿದ, ಆದರೆ ತನ್ನ ಪಾಲನ್ನು ಮಾತ್ರ. ಪೇಪರು ತಂದು, ಕಾಡು, ನದಿ, ಕಲೆಯ ಪುಟ ಬಂದ ಕೂಡಲೇ ಮಗುಚಿಬಿಡುತ್ತಿದ್ದ. ಅವಳ ಜಾಗಕ್ಕೆ ಕೈ ಹಾಕಿದರೆ ಅವಳು ಹೋದದ್ದನ್ನು ಒಪ್ಪಿಕೊಂಡ ಹಾಗೆ ಅಂತ ಅವನಿಗೊಂದು ನಂಬಿಕೆ. ಪ್ರಾಥಮಿಕ ಪರೀಕ್ಷೆಯ ಹಾಳೆ ಕೈಗೆ ಬಂದಾಗ ಅರ್ಧ ಪ್ರಶ್ನೆಗಳು ಅವಳವೇ ಆಗಿದ್ದವು. ಯಾವ ಹಕ್ಕಿ, ಯಾವ ಜೌಗು, ಯಾವ ಕುಣಿತ. ನಾಲೆಯ ದಂಡೆಯ ಮೇಲೆ ಯಾರೂ ಒಪ್ಪಿಸಿರಲಿಲ್ಲ. ಅಲ್ಲಿಗೆ ಓಝಾನ ಐಎಎಸ್ಸಿಗೆ ಎಳ್ಳುನೀರು ಬಿಟ್ಟಾಯಿತು.

ಊರಿಗೆ ಹೋಗಲು ಮುಖವಿರಲಿಲ್ಲ. ಬಲಿಯಾದಿಂದ ಅವ್ವ ಫೋನು ಮಾಡಿ ಒಂದೊಂದೇ ಹುಡುಗಿಯ ಜಾತಕ ಹೇಳುತ್ತಿದ್ದಳು. ಇವನು ಹುಡುಗಿಯ ಒಳ್ಳೆಯದನ್ನೂ ಹೇಳುತ್ತಿದ್ದ, ತನ್ನ ತೊಂದರೆಗಳನ್ನೂ ಹೇಳುತ್ತಿದ್ದ. “ಹೂಂ ಅನ್ನು, ಇಲ್ಲ ಊಹೂಂ ಅನ್ನು ನನ್ನಪ್ಪ” ಅಂತ ಅವಳು ಬೇಡಿಕೊಂಡಳು. ಕೊನೆಗೊಂದು ದಿನ ಜಾತಕ ತರಿಸುವುದನ್ನೇ ನಿಲ್ಲಿಸಿದಳು.

ಧ್ರುವಪಥದವರು ಕೆಲಸ ಕೊಟ್ಟರು. ಸೋತವರೇ ಪಾಠ ಮಾಡುವುದು ನಮ್ಮ ಬೀದಿಯ ನಿಯಮ. ಗೆದ್ದವರಿಗೆ ಪುರುಸೊತ್ತೆಲ್ಲಿ? ಓಝಾನ ಎರಡು ಕಡೆಯ ಪಾಠ ಜನಪ್ರಿಯವಾಯಿತು, ಆಮೇಲೆ ಯೂಟ್ಯೂಬಿಗೂ ಹತ್ತಿತು. ಅವನ ಚೌಕ ಬರೆದುಕೊಂಡು ಹೋದ ಎಷ್ಟೋ ಹುಡುಗರು ಕಲೆಕ್ಟರಾದರು. ಅವನು ಮಾತ್ರ ಪ್ರತಿ ಬೆಳಿಗ್ಗೆ ಗುಪ್ತಾನ ಬೆಂಚಿನ ಮೇಲೆ ಕೂತು ಅರ್ಧ ಪೇಪರು ಓದಿ, ಇನ್ನರ್ಧವನ್ನು ಬಿಚ್ಚದೆ ಅಲ್ಲೇ ಇಟ್ಟು ಬರುತ್ತಿದ್ದ. ಗುಪ್ತಾ ತೀರಿಕೊಂಡು ಅವನ ಮಗ ಅಂಗಡಿಗೆ ಕೂತ. ಆ ಅರ್ಧದಲ್ಲಿ ಅವನು ಸಮೋಸ ಕಟ್ಟುತ್ತಾನೆ.

ಹೋದ ಜುಲೈಯಲ್ಲಿ ಹೊಸ ತಂಡ ಸೇರುವ ದಿನ ಧ್ರುವಪಥದ ಕೌಂಟರಿನ ಮುಂದೆ ಗಲಾಟೆಯೋ ಗಲಾಟೆ. ಓಝಾ ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

“ಏನ್ ಪಂಡಿತ್ರೇ, ಬ್ಯಾಂಕ್ ಇಟ್ಟಿರಾ?”

ತಿರುಗಿ ನೋಡಿದ. ಕೂದಲು ನರೆತಿತ್ತು, ಮೈ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು. ನಗು ಮಾತ್ರ ಅಷ್ಟೇ ದೊಡ್ಡದು. ಓಝಾ ಮೆಟ್ಟಿಲಿನ ಕಂಬಿ ಹಿಡಿದುಕೊಂಡ.

“ಬೀನಾ.”

“ಸದ್ಯ, ಹೆಸರಾದ್ರೂ ನೆಟ್ಟಗೆ ಹೇಳ್ದೆ.” ಅವಳ ಪಕ್ಕದಲ್ಲಿ ತೆಳ್ಳನೆಯ ಹುಡುಗಿಯೊಬ್ಬಳು ನಿಂತಿದ್ದಳು. “ಇವಳು ಸುರಭಿ, ಮಹಿಪಾಲಣ್ಣನ ಮಗಳು. ನಿನ್ನ ವಿಡಿಯೋ ನೋಡಿ ನೋಡಿ ಮನೆಯಲ್ಲಿ ಉಪ್ಪು ಕೇಳಿದ್ರೂ ಎರಡು ಕಡೆ ಹೇಳ್ತಾಳೆ. ಯಾರಮ್ಮ ಈ ತಕ್ಕಡಿ ಸರ್ ಅಂತ ನೋಡಿದ್ರೆ, ನೀನು.”

ಸುರಭಿ ನಾಚಿಕೊಂಡು ಕಾಲಿಗೆ ಬಗ್ಗಿದಳು. ಬೀನಾ ಅವಳನ್ನು ಬಾಡಿಗೆ ಕೋಣೆಯಲ್ಲಿ ಸಾಮಾನು ಜೋಡಿಸಿಕೋ ಅಂತ ಕಳಿಸಿದಳು. ಇವರಿಬ್ಬರೂ ಗುಪ್ತಾನ ಅಂಗಡಿಗೆ ಬಂದು ಅದೇ ಬೆಂಚಿನ ಮೇಲೆ ಕೂತರು. ಅವಳು ಚೀಲದಿಂದ ಒಂದು ಡಬ್ಬಿ ತೆಗೆದು ಮುಂದಿಟ್ಟಳು. ಅರಸೆ, ಅಕ್ಕಿ ಬೆಲ್ಲದ ಗಢವಾಲಿ ಕಜ್ಜಾಯ. “ತಿನ್ನು. ಎರಡು ಕಡೆ ಯೋಚಿಸಬೇಡ.”

ಅವಳು ಪೌಡಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಗಂಡನ ಮಾತು ಬಂದಾಗ, “ಒಳ್ಳೇವರು. ಅರ್ಧ ಜೀವನ ಕಾಡಲ್ಲೇ ಕಳೀತು ಅವರದು. ಹುಲಿ ಹೆಜ್ಜೆ ನೋಡೋಕೆ ಕರ್ಕೊಂಡು ಹೋಗ್ತಿದ್ರು ನನ್ನ” ಅಂದಳು. ಕೇಳಿ ಓಝಾನಿಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಎಷ್ಟೋ ವರ್ಷಗಳಲ್ಲಿ ಅವನಿಗೆ ಎರಡು ಕಡೆ ನಿಜವಾಗಿ ಇದ್ದದ್ದು ಆ ಒಂದು ಗಳಿಗೆಯಲ್ಲೇ ಇರಬೇಕು.

“ಅಣ್ಣ ಸುರಭಿಗೂ ಗಂಡು ನೋಡಿದ್ದ,” ಅಂದಳು ಬೀನಾ. “ಅತ್ತೆ, ಹೋಗಲಾ ಬೇಡವಾ ಅಂತ ಬಂದು ಕೇಳಿದ್ಲು.”

ಓಝಾನ ಕೈಯಲ್ಲಿದ್ದ ಅರಸೆ ಅಲ್ಲೇ ನಿಂತಿತು. ಬಾಯಿ ತನ್ನಷ್ಟಕ್ಕೆ ಶುರುಮಾಡಿತು. “ನೋಡು ಬೀನಾ, ಒಂದು ಕಡೆ ಈ ಪರೀಕ್ಷೆಯಲ್ಲಿ ಲಕ್ಷಾಂತರ ಜನ ಸೋಲ್ತಾರೆ, ವಯಸ್ಸು ಹೋಗತ್ತೆ. ಇನ್ನೊಂದು ಕಡೆ...”

“ನಿನ್ನನ್ನ ಕೇಳೋಕೆ ಬಂದಿಲ್ಲ, ಓಝಾ,” ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಸೇರಿಸೋಕೆ ಬಂದಿದ್ದೀನಿ. ಅವಳಿಗೆ ಬೇಡ ಅಂದೆ, ಅಣ್ಣ ಕೂಗಾಡಿದ, ನಾನೂ ಕೂಗಾಡಿದೆ, ಮುಗೀತು. ಹಾಗಂತ ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ. ಎರಡೂ ಕಡೆ ಹೇಳು ಅಂತ ಕಲಿಸಿದ್ದೇ ನಾನು. ಎಲ್ಲಿ ನಿಲ್ಲಿಸಬೇಕು ಅಂತ ಕಲಿಸೋದು ಮರೆತೆ.”

ಓಝಾ ತಲೆ ತಗ್ಗಿಸಿ ಕೂತ. ಆವತ್ತಿನ ಮಾತು, ‘ಹೋಗಬೇಡ’ ಎಂಬ ಆ ಒಂದೇ ಮಾತು, ಇನ್ನೂ ಹೊರಗೆ ಬಂದಿರಲಿಲ್ಲ. ಹೇಳಿಬಿಡೋ ಮಾರಾಯ ಅಂತ ಯಾರಾದರೂ ಬೆನ್ನಿಗೆ ಗುದ್ದಬೇಕಿತ್ತು. ಗುದ್ದುವ ಮುಜ್ತಬಾ ಗಾಜಿಪುರದಲ್ಲಿ ಮೊಮ್ಮಗನಿಗೆ ಹೆಸರಿಡುವ ಅಕೀಕಾಕ್ಕೆ ಹೋಗಿದ್ದ.

ಹೊರಡುವ ಹೊತ್ತಾಯಿತು. ಬತ್ರಾ ಮುಂದೆ ಮೆಟ್ರೋಗೆ ಹೋಗುವ ಇ-ರಿಕ್ಷಾಗಳು ಸಾಲಾಗಿ ನಿಂತಿದ್ದವು. ಅಲ್ಲಿಗೆ ಹೋಗುವವರೆಗೂ ಓಝಾ ತಡಕಾಡಿದ. ಕೊನೆಗೆ ತನ್ನಿಂದ ಆಗಬಹುದಾದಷ್ಟು ಹತ್ತಿರದ ಒಂದು ಮಾತು ಸಿಕ್ಕಿತು.

“ಬೀನಾ, ನಿನ್ನ ಪಾಲನ್ನ ನಾನು ಇವತ್ತಿನವರೆಗೂ ಓದಿಲ್ಲ. ಒಂದು ದಿನವೂ ಓದಿಲ್ಲ. ಹಾಗೇ ಇಟ್ಟಿದ್ದೀನಿ.”

ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅವಳ ಮುಂದೆ ಬಿಚ್ಚಿಟ್ಟಿದ್ದ. ಅವಳ ಕಣ್ಣು ತುಂಬಬಹುದು ಅಂದುಕೊಂಡಿದ್ದನೋ ಏನೋ.

“ಅಯ್ಯೋ ಹುಚ್ಚಪ್ಪ,” ಅಂದಳು. “ನಾನು ನಿನ್ನ ಪಾಲೂ ಓದ್ಕೊಂಡೆ. ಅಲ್ಲಿ ಪೇಪರು ಮಧ್ಯಾಹ್ನ ಬರತ್ತೆ. ಮೊದಮೊದಲು ನಿನ್ನ ಬಡ್ಡಿದರ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ನೀನು ನಡೀತಾ ಹೇಳ್ತಿದ್ದ ಹಾಗೆ ಜೋರಾಗಿ ಓದ್ಕೊಳ್ತಿದ್ದೆ. ಈಗ ಶಾಲೆ ಹುಡುಗೀರಿಗೆ ಎರಡೂ ನಾನೇ ಹೇಳಿಕೊಡ್ತೀನಿ.”

ಅವಳು ಬಿಟ್ಟು ಹೋದ ಜಾಗವನ್ನು ಖಾಲಿ ಇಡುವುದೇ ನಿಷ್ಠೆ ಅಂದುಕೊಂಡು ಇವನು ಮುದುಕನಾಗಿದ್ದ. ಅವಳು ಇವನ ಜಾಗವನ್ನು ತುಂಬಿಕೊಂಡು ಬದುಕಿದ್ದಳು.

ಬೀನಾ ರಿಕ್ಷಾ ಹತ್ತಿದಳು. ಮೂವರು ಆಗಲೇ ಕೂತಿದ್ದರು. ಅವಳ ಪಕ್ಕದ ಒಂದು ಜಾಗ ಖಾಲಿಯಿತ್ತು. ಸೀಟು ತುಂಬದೆ ಆ ರಿಕ್ಷಾಗಳು ಹೊರಡುವುದಿಲ್ಲ. ಚಾಲಕ ಕತ್ತು ಹೊರಹಾಕಿ ಕೂಗಿದ, “ಮೆಟ್ರೋ, ಮೆಟ್ರೋ! ಒಂದೇ ಸೀಟು!” ಆಮೇಲೆ ಪಕ್ಕದಲ್ಲಿ ನಿಂತಿದ್ದ ಓಝಾನನ್ನು ನೋಡಿ ಅಂದ, “ಸರ್, ನೀವು ಬರ್ತೀರಾ ಇಲ್ವಾ?”

ಬೀನಾ ಪಕ್ಕದ ಜಾಗದಲ್ಲಿಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಆ ಬೆರಳುಗಳನ್ನು ಓಝಾ ಗುರುತು ಹಿಡಿದ. ಮೆಟ್ರೋ ಹತ್ತು ನಿಮಿಷದ ದಾರಿ. ಹತ್ತಿ ಕೂತಿದ್ದರೆ ಸಾಕಿತ್ತು. ಮಾತೇ ಬೇಕಿರಲಿಲ್ಲ.

“ಬೇಗ ಹೇಳಿ ಸರ್!”

“ಒಂದು ಕಡೆ ಐದಕ್ಕೆ ಕ್ಲಾಸಿದೆ...” ಅಂದ ಓಝಾ.

ಬೆನ್ನಿಗೆ ಚೀಲ ಹಾಕಿದ್ದ ಹುಡುಗನೊಬ್ಬ ಅವನ ತೋಳಿನಡಿಯಿಂದ ನುಸುಳಿ ಆ ಜಾಗದಲ್ಲಿ ಕೂತ. ಬೀನಾ ಒಂದು ಸಲ ನಕ್ಕಳು, ಆವತ್ತು ಇವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕ ಹಾಗೆ. ಆಮೇಲೆ ಮುಂದಕ್ಕೆ ತಿರುಗಿದಳು. ಓಝಾ ಇನ್ನೊಂದು ಕಡೆ ಹೇಳುವಷ್ಟರಲ್ಲಿ ರಿಕ್ಷಾ ಬತ್ರಾ ತಿರುವು ದಾಟಿತ್ತು.